ಠಣ್ ಎನ್ನದ ಬೆಳ್ಳಿ ಡಾಲರ್

ಪಾರ್ಸಲ್ ಬಂದ ದಿನ ಅಮ್ಮ ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ಹುರುಳಿಕಾಯಿ ನಾರು ಬಿಡಿಸುತ್ತಿದ್ದಳು. ತುಮಕೂರಿನಿಂದ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ಸಿಗೆ ಬಂದು ಆಕೆಗೆ ಎರಡು ತಿಂಗಳಾಗಿತ್ತು. ನಾನು ಲಕೋಟೆ ಕತ್ತರಿಸಿ, ಒಳಗಿದ್ದ, ಮಾರ್ಗನ್ ಡಾಲರ್ ಎಂದು ಕರೆಯುವ ಬೆಳ್ಳಿ ನಾಣ್ಯವನ್ನು ಅಂಗೈಗೆ ಹಾಕಿಕೊಂಡೆ. 1884ನೇ ಇಸವಿ. ಹಿಂಬದಿಯಲ್ಲಿ ‘ಸಿಸಿ’ ಎಂಬ ಪುಟ್ಟ ಗುರುತು. ಎಂದರೆ ನೆವಾಡ ರಾಜ್ಯದ ಕಾರ್ಸನ್ ಸಿಟಿ ಟಂಕಸಾಲೆಯ ನಾಣ್ಯ. ಬಹಳ ವರ್ಷದಿಂದ ಆಸೆಪಟ್ಟಿದ್ದೆ. ‘ನೋಡಮ್ಮಾ, ನಿಮ್ಮ ತಾತನ ಕಾಲದ ಬೆಳ್ಳಿ’ ಎಂದು ಅವಳ ಕೈಗೆ ಕೊಟ್ಟೆ.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ನಾಣ್ಯವನ್ನು ಎಡಗೈಯ ತೋರುಬೆರಳ ತುದಿಯಲ್ಲಿ ಅಲುಗಾಡದಂತೆ ಮಲಗಿಸಿ, ಬಲಗೈ ಹೆಬ್ಬೆರಳ ಉಗುರಿನಿಂದ ಅಂಚನ್ನು ಮೆಲ್ಲಗೆ ಮೀಟಿದಳು. ‘ಠಕ್’ ಎಂದಿತು. ಕಿವಿಯ ಹತ್ತಿರ ತಂದು ಮತ್ತೆ ಮೀಟಿದಳು. ಮತ್ತೆ ಅದೇ ‘ಠಕ್’.

‘ಇದು ಬೆಳ್ಳಿ ಅಲ್ಲ ಕಣೋ. ಬೆಳ್ಳಿ ಹಿಂಗೆ ಮಾತಾಡಲ್ಲ. ಎಷ್ಟು ಕೊಟ್ಟೆ?’

ಎಂಬತ್ತೈದು ಡಾಲರ್ ಕೊಟ್ಟಿದ್ದೆ. ಇಲ್ಲಿನ ನಾಣ್ಯದಂಗಡಿಯಲ್ಲಿ ಅಂಥದ್ದಕ್ಕೆ ಅದರ ಮೂರು ಪಟ್ಟು ಕೇಳುತ್ತಿದ್ದರು. ಹಿಟ್ಟು ತೂಗುವ ಪುಟ್ಟ ತಕ್ಕಡಿಯ ಮೇಲಿಟ್ಟೆ. 22.3 ಗ್ರಾಂ. ಇರಬೇಕಾದದ್ದು 26.73. ನಾಲ್ಕು ಗ್ರಾಮಿಗಿಂತ ಹೆಚ್ಚು ಕಮ್ಮಿ. ಟಂಕಸಾಲೆ ಆ ಕಾಲದಲ್ಲಿ ಕ್ಷಮಿಸುತ್ತಿದ್ದ ವ್ಯತ್ಯಾಸ ಒಂದು ಗ್ರಾಮಿನ ಹತ್ತನೇ ಒಂದು ಭಾಗಕ್ಕಿಂತ ಚೂರು ಕಡಿಮೆ.

ಅಮ್ಮನ ಅಪ್ಪ ತುಮಕೂರಿನ ಚಿಕ್ಕಪೇಟೆಯಲ್ಲಿ ಚಿನಿವಾರರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಗಿರಾಕಿ ತಂದ ರೂಪಾಯಿಗಳನ್ನು ಒಂದೊಂದಾಗಿ ಕಲ್ಲಿನ ಮೇಲೆ ಬಾರಿಸಿ ಪಕ್ಕಕ್ಕಿಡುವುದೂ ಅವರ ಕೆಲಸವೇ. ಆ ಸದ್ದು ಕೇಳುತ್ತಲೇ ಬೆಳೆದವಳು ಅಮ್ಮ. ಅವಳಿಗೆ ಮಾರ್ಗನ್ ಡಾಲರ್ ಎಂದರೆ ಏನೆಂದು ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ನಾನು ವಾರಗಟ್ಟಲೆ ಪರದೆಯ ಮೇಲೆ ಫೋಟೊ ದೊಡ್ಡದು ಮಾಡಿ ನೋಡಿದ್ದರಲ್ಲಿ ಕಾಣದ್ದು ಅವಳಿಗೆ ಒಂದೇ ಏಟಿಗೆ ಕೇಳಿಸಿತ್ತು. ಆನ್‌ಲೈನ್ ಕೊಳ್ಳುವಿಕೆಯಲ್ಲಿ ನಾವು ಕಳೆದುಕೊಂಡಿರುವುದು ಇದನ್ನೇ. ನಾಣ್ಯ ಎನ್ನುವುದು ಕೈಯಿಂದ ಕೈಗೆ ದಾಟಲೆಂದೇ ಹುಟ್ಟಿದ ವಸ್ತು. ತೂಕ, ಸದ್ದು, ಅಂಚು, ತಂಪು ಎಲ್ಲವೂ ಅದರ ಸಾಕ್ಷಿಗಳು. ಪರದೆಯ ಮೇಲೆ ಸಿಗುವುದು ಅದರ ಮುಖ ಮಾತ್ರ. ಖೋಟಾ ಮಾಡುವವನು ಮುಖವೊಂದನ್ನು ಚೆನ್ನಾಗಿ ಮಾಡಿದರೆ ಅವನ ಕೆಲಸ ಮುಗಿಯಿತು.

ಕರಗಿ ನಮ್ಮ ರೂಪಾಯಿಯಾದ ಡಾಲರ್

ಮಾರ್ಗನ್ ಡಾಲರ್ ಎಂಬ ಹೆಸರು ಅದನ್ನು ರೂಪಿಸಿದ ಜಾರ್ಜ್ ಟಿ. ಮಾರ್ಗನ್ ಅವರಿಂದ ಬಂದದ್ದು. 1878ರಲ್ಲಿ ಶುರುವಾಗಿ 1904ರವರೆಗೆ, ಆಮೇಲೆ 1921ರಲ್ಲಿ ಮತ್ತೊಮ್ಮೆ ಅಚ್ಚಾಯಿತು. 2021ರಿಂದ ಸಂಗ್ರಾಹಕರಿಗೆಂದೇ ಹೊಸದಾಗಿ ಬರುತ್ತಿರುವುದು ಬೇರೆ ಮಾತು. ಮುಂಬದಿಯಲ್ಲಿ ಸ್ವಾತಂತ್ರ್ಯದೇವಿ. ಆ ಮುಖಕ್ಕೆ ಮಾದರಿಯಾಗಿ ಕೂತವರು ಫಿಲಡೆಲ್ಫಿಯಾದ ಶಾಲಾ ಶಿಕ್ಷಕಿ ಅನ್ನಾ ವಿಲ್ಲಿಸ್ ವಿಲಿಯಮ್ಸ್. ಹಿಂಬದಿಯಲ್ಲಿ ರೆಕ್ಕೆ ಬಿಚ್ಚಿದ ಹದ್ದು. ಅಡ್ಡಳತೆ 38.1 ಮಿಲಿಮೀಟರ್, ನೂರಕ್ಕೆ 90 ಪಾಲು ಬೆಳ್ಳಿ, 10 ಪಾಲು ತಾಮ್ರ. ಅಮ್ಮನ ಲೆಕ್ಕದಲ್ಲಿ ಹೇಳುವುದಾದರೆ ಎರಡೂಕಾಲು ತೊಲಕ್ಕೆ ಚೂರು ಜಾಸ್ತಿ.

ಕೋಟಿಗಟ್ಟಲೆ ಅಚ್ಚಾದ ನಾಣ್ಯವಿದು. 1921ರಲ್ಲಿ ಫಿಲಡೆಲ್ಫಿಯಾ ಒಂದೇ ನಾಲ್ಕೂವರೆ ಕೋಟಿಯಷ್ಟು ಒತ್ತಿತು. ಹಾಗಿದ್ದ ಮೇಲೆ ಇದನ್ನು ನಕಲು ಮಾಡುವ ಕಷ್ಟವನ್ನು ಯಾರಾದರೂ ಯಾಕೆ ತೆಗೆದುಕೊಳ್ಳಬೇಕು? ಉತ್ತರ ಹುಡುಕುತ್ತ ಹೋದರೆ ದಾರಿ ನೇರ ಭಾರತಕ್ಕೇ ಬಂದು ಮುಟ್ಟುತ್ತದೆ. ನನಗೆ ಇದು ತಿಳಿದ ದಿನ ನಿದ್ದೆ ಬರಲಿಲ್ಲ.

ಮೊದಲ ಮಹಾಯುದ್ಧದ ಕಾಲ. ಯುದ್ಧಕ್ಕೆ ಬೇಕಾದ ಸರಕನ್ನು ಬ್ರಿಟನ್ ಭಾರತದಿಂದ ಕೊಳ್ಳುತ್ತಿತ್ತು. ದುಡ್ಡು ಸಲ್ಲಬೇಕಾದದ್ದು ಬೆಳ್ಳಿ ರೂಪಾಯಿಯಲ್ಲಿ. ಕೈಗೆ ಬಂದ ರೂಪಾಯಿಯನ್ನು ಜನ ಮಡಕೆಯಲ್ಲಿಟ್ಟು ಹೂತರು, ಕರಗಿಸಿ ಕಡಗ ಮಾಡಿಸಿದರು. ಕಾಗದದ ನೋಟನ್ನು ನಂಬದೆ ಖಜಾನೆಯ ಮುಂದೆ ನಿಂತು ಬೆಳ್ಳಿಯನ್ನೇ ಕೇಳಿದರು. 1918ರ ಹೊತ್ತಿಗೆ ಸರ್ಕಾರದ ಬೆಳ್ಳಿ ತಳ ಮುಟ್ಟಿತು. ಆಗ ಬ್ರಿಟನ್ ಅಮೆರಿಕದ ಮೊರೆ ಹೋಯಿತು. ಆ ವರ್ಷದ ಏಪ್ರಿಲ್ 23ರಂದು ನೆವಾಡದ ಸೆನೆಟರ್ ಕೀ ಪಿಟ್‌ಮನ್ ಅವರ ಹೆಸರಿನ ಕಾಯ್ದೆ ಜಾರಿಗೆ ಬಂತು. ಅಮೆರಿಕದ ಖಜಾನೆಯಲ್ಲಿ ಚೀಲಚೀಲವಾಗಿ ಬಿದ್ದಿದ್ದ ಬೆಳ್ಳಿ ಡಾಲರುಗಳು ಕುಲುಮೆಗೆ ಬಿದ್ದವು. ಒಟ್ಟು 27,02,32,722 ನಾಣ್ಯ. ಅದರಲ್ಲಿ 25,91,21,554 ಡಾಲರಿನ ಬೆಳ್ಳಿ ಬ್ರಿಟನ್ನಿಗೆ ಮಾರಾಟವಾಗಿ, ಭಾರತದ ರೂಪಾಯಿಗೆಂದು ಹಡಗು ಹತ್ತಿತು. ಒಂದು ಡಾಲರಿನ ಬೆಳ್ಳಿಯಲ್ಲಿ ನಮ್ಮ ಎರಡು ರೂಪಾಯಿ ಆಗಿ ಇನ್ನೂ ಸ್ವಲ್ಪ ಮಿಗುತ್ತಿತ್ತು. ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಐದನೇ ಜಾರ್ಜ್ ದೊರೆಯ 1918 ಅಥವಾ 1919ರ ರೂಪಾಯಿ ಇದ್ದರೆ, ಅದು ಒಂದು ಕಾಲಕ್ಕೆ ಹದ್ದಿನ ಚಿತ್ರ ಹೊತ್ತ ಡಾಲರಾಗಿದ್ದಿರಬಹುದು.

ಕುಲುಮೆಗೆ ಹಾಕುವಾಗ ಯಾವ ಇಸವಿಯದು ಎಷ್ಟು, ಯಾವ ಟಂಕಸಾಲೆಯದು ಎಷ್ಟು ಎಂದು ಯಾರೂ ಬರೆದಿಡಲಿಲ್ಲ. ಹೀಗಾಗಿ ಅಚ್ಚಾದ ಲೆಕ್ಕ ಒಂದು, ಉಳಿದ ಲೆಕ್ಕ ಇನ್ನೊಂದು. 1903ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ 44 ಲಕ್ಷಕ್ಕಿಂತ ಹೆಚ್ಚು ಡಾಲರ್ ಅಚ್ಚಾಗಿದ್ದರೂ ಎಲ್ಲೂ ಕಾಣದೆ, ಒಂದಕ್ಕೆ 1,500 ಡಾಲರ್ ಬೆಲೆ ಕಟ್ಟುವಷ್ಟು ಅಪರೂಪವಾಗಿತ್ತು. 1962ರ ಕೊನೆಗೆ ಖಜಾನೆಯ ಹಳೆ ಚೀಲಗಳು ಹೊರಬಂದವು. ಬಿಚ್ಚಿದರೆ ಒಳಗೆಲ್ಲ ಅದೇ! ಬೆಲೆ ನೆಲ ಕಚ್ಚಿತು. ಇಂಥ ಅನಿಶ್ಚಿತತೆಯಲ್ಲೇ ಖೋಟಾ ವ್ಯಾಪಾರಿಯ ಬೇರು ಇರುವುದು. ‘ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು, ನನಗೆ ಇದರ ಬೆಲೆ ತಿಳಿಯದು’ ಎಂದು ಬರೆದು ಅವನು ಅಪರೂಪದ ಇಸವಿಯೊಂದನ್ನು ಮಾರಾಟಕ್ಕಿಡುತ್ತಾನೆ. ಎಲ್ಲೋ ಒಂದು ಚೀಲ, ಎಲ್ಲೋ ಒಂದು ಪೆಟ್ಟಿಗೆ ಇದ್ದೀತು ಎಂಬ ನಂಬಿಕೆ ಈ ದೇಶದಲ್ಲಿ ಸುಳ್ಳಲ್ಲವಾದ್ದರಿಂದ, ಕೊಳ್ಳುವವನ ಮನಸ್ಸು ಒಪ್ಪಿಬಿಡುತ್ತದೆ.

ತಕ್ಕಡಿ, ದಾರ, ಒಂದು ಲೋಟ ನೀರು

ನನಗೆ ಬಂದ ನಕಲಿಯನ್ನು ಒಂದು ಭೂತಗನ್ನಡಿ ಹಿಡಿದು ನಾಲ್ಕು ಸಂಜೆ ನೋಡಿದೆ. ದೇವಿಯ ಕಿವಿಯ ಮೇಲಿನ ಕೂದಲಿನ ಎಳೆಗಳು ಒಂದಕ್ಕೊಂದು ಅಂಟಿದ ಶಾವಿಗೆಯ ಹಾಗಿದ್ದವು. ಹದ್ದಿನ ಎದೆಯ ಗರಿಗಳು ಮೊಂಡು. ಅಕ್ಷರದ ಸುತ್ತಲಿನ ಬಯಲು ಸಣ್ಣ ರವೆ ಚೆಲ್ಲಿದಂತೆ ಉಬ್ಬುಬ್ಬು. ಸವೆದ ನಾಣ್ಯದಲ್ಲಿ ಎತ್ತರದ ಭಾಗ ಮೊದಲು ಸವೆಯಬೇಕು, ತಗ್ಗಿನಲ್ಲಿ ಚೂಪು ಉಳಿಯಬೇಕು. ಇದರಲ್ಲಿ ತಗ್ಗೂ ಮೊಂಡು, ಎತ್ತರವೂ ಮೊಂಡು. ಕೈ ಸವೆಸಿದ ಮೊಂಡುತನವಲ್ಲ ಅದು, ಅಚ್ಚಿನಲ್ಲೇ ಬಂದದ್ದು.

ಎಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಕೆನ್ನೆಯ ಮೇಲಿನ ಒಂದು ಗಾಯ. ಕಣ್ಣಿನ ಕೆಳಗೆ ಎಳ್ಳಿನಷ್ಟು ದೊಡ್ಡ ಕುಳಿ, ಅದರಿಂದ ಬಾಯಿಯ ಕಡೆಗೆ ಎಳೆದ ಒಂದು ಗೀರು. ಅಸಲಿ ಡಾಲರಿನಲ್ಲಿ ಇಂಥ ಗಾಯ ಸಾಮಾನ್ಯ. ಸಾವಿರ ಸಾವಿರ ನಾಣ್ಯ ಒಂದೇ ಚೀಲದಲ್ಲಿ ಉಜ್ಜಿಕೊಂಡು ಬಂದವಲ್ಲ. ಆದರೆ ಮನುಷ್ಯರ ಮೈಮೇಲಿನ ಕಲೆಯ ಹಾಗೆ ಒಂದೊಂದಕ್ಕೂ ಅದರದೇ ಗಾಯ. ವಾರದ ನಂತರ ಅದೇ ಜಾಲತಾಣದಲ್ಲಿ ಬೇರೊಬ್ಬ ಮಾರಾಟಗಾರನ ಹೆಸರಿನಲ್ಲಿ ಇನ್ನೊಂದು 1884 ಕಂಡಿತು. ಅದೇ ಕುಳಿ, ಅದೇ ಗೀರು, ಅದೇ ಕೋನ. ಅಸಲಿ ನಾಣ್ಯ ಒಂದರಿಂದ ಅಚ್ಚು ತೆಗೆದವರು ಅದರ ಗಾಯವನ್ನೂ ಸೇರಿಸಿ ತೆಗೆದಿದ್ದರು. ಅಂದಿನಿಂದ ನಾನು ಕೊಳ್ಳುವ ಮೊದಲು ಅದೇ ಇಸವಿಯ ಮಾರಾಟದ ಚಿತ್ರಗಳನ್ನೆಲ್ಲ ಸಾಲಾಗಿ ಇಟ್ಟು, ಮೊದಲು ಹುಡುಕುವುದು ಜೋಡಿ ಗಾಯವನ್ನು. ಒಂದೇ ಗಾಯ ಎರಡು ನಾಣ್ಯದ ಮೇಲೆ ಕಂಡರೆ ಎರಡನ್ನೂ ಬಿಡುತ್ತೇನೆ.

ಮನೆಗೆ ಬಂದ ಮೇಲೆ ಮಾಡುವ ಪರೀಕ್ಷೆಗಳಲ್ಲಿ ಅಯಸ್ಕಾಂತಕ್ಕೆ ಜನ ಕೊಡುವ ಮರ್ಯಾದೆ ಅತಿಯಾಯಿತು. ಅಯಸ್ಕಾಂತಕ್ಕೆ ಅಂಟಿದರೆ ಖೋಟಾ ಎಂಬುದು ನಿಜ. ಅಂಟದಿದ್ದರೆ ಬೆಳ್ಳಿ ಎಂದಲ್ಲ. ಹಿತ್ತಾಳೆಯೂ ಅಂಟುವುದಿಲ್ಲ, ಸತುವೂ ಅಂಟುವುದಿಲ್ಲ. ನನ್ನದೂ ಅಂಟಿರಲಿಲ್ಲ.

ನೀರಿನ ಪರೀಕ್ಷೆ ಇದಕ್ಕಿಂತ ಸಾವಿರ ಪಾಲು ಮೇಲು, ಅಡುಗೆಮನೆಯಲ್ಲೇ ಆಗುತ್ತದೆ. ಗ್ರಾಮಿನ ನೂರನೇ ಭಾಗದವರೆಗೆ ತೋರಿಸುವ ಆಭರಣದ ತಕ್ಕಡಿ ಬೇಕು, ಅಷ್ಟೇ. ನಾಣ್ಯದ ಒಣತೂಕ ಬರೆದುಕೊಳ್ಳಿ. ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ದಾರ ಕಟ್ಟಿ, ಪೂರ್ತಿ ಮುಳುಗುವಂತೆ, ತಳಕ್ಕೂ ಗೋಡೆಗೂ ತಾಗದಂತೆ ಇಳಿಬಿಡಿ. ತಕ್ಕಡಿ ಈಗ ತೋರಿಸುವುದು ನಾಣ್ಯ ತಳ್ಳಿದ ನೀರಿನ ತೂಕವನ್ನು. ಅಸಲಿ ಮಾರ್ಗನ್ ಆದರೆ ಸುಮಾರು 2.6 ಗ್ರಾಂ. ಒಣತೂಕವನ್ನು ಅದರಿಂದ ಭಾಗಿಸಿದರೆ 10.3ರ ಆಸುಪಾಸು ಬರಬೇಕು. ತಾಮ್ರದ ಲೋಹವಾದರೆ 9ರ ಒಳಗೆ ನಿಲ್ಲುತ್ತದೆ, ಸತುವಾದರೆ 7ರ ಹತ್ತಿರ. ಒಳಗೇನಿದೆ ಎಂಬುದನ್ನು ಮೇಲಿನ ಬೆಳ್ಳಿಯ ಲೇಪ ಮುಚ್ಚಿಡಲಾರದು. ಮುಳುಗಿಸಿದ ನಾಣ್ಯವನ್ನು ಮೆತ್ತನೆ ಬಟ್ಟೆಯಲ್ಲಿ ಒತ್ತಿ ತೇವ ತೆಗೆಯಿರಿ, ಉಜ್ಜಬೇಡಿ. ಅಮ್ಮ ವಿಭೂತಿ ಹಚ್ಚಿ ಬೆಳಗಿಕೊಡುತ್ತೇನೆ ಎಂದು ಎದ್ದಿದ್ದಳು. ಕೈ ಹಿಡಿದು ನಿಲ್ಲಿಸಿದೆ. ದೇವರ ದೀಪಕ್ಕೆ ಸರಿ, ಹಳೆ ನಾಣ್ಯಕ್ಕೆ ಆ ಒಂದು ಉಜ್ಜು ಅರ್ಧ ಬೆಲೆ ತಿನ್ನುತ್ತದೆ.

ಇನ್ನೊಂದು ಸಣ್ಣ ಗುರುತು ನಮ್ಮವರಿಗೆ ಹೇಳಲೇಬೇಕು. ನಮ್ಮ ರೂಪಾಯಿಯನ್ನು ಪುಟ ಮಗುಚಿದಂತೆ ಎಡದಿಂದ ಬಲಕ್ಕೆ ತಿರುಗಿಸಿದರೆ ಹಿಂಬದಿಯೂ ನೆಟ್ಟಗೇ ಕಾಣುತ್ತದೆ. ಅಮೆರಿಕದ ನಾಣ್ಯವನ್ನು ಹಾಗೆ ತಿರುಗಿಸಿದರೆ ಹದ್ದು ತಲೆಕೆಳಗಾಗಿ ಕಾಣಬೇಕು. ಮೇಲಿಂದ ಕೆಳಕ್ಕೆ ಮಗುಚಿದಾಗ ಮಾತ್ರ ನೆಟ್ಟಗೆ. ಕೆಲವು ನಕಲುಗಾರರು ಇದನ್ನೂ ಗಮನಿಸುವುದಿಲ್ಲ.

ಪರದೆಯ ಮೇಲೆ ಇದ್ದಾಗಲೇ ಹಿಡಿಯಬಹುದಾದ ಸುಳ್ಳುಗಳೂ ಉಂಟು, ಅವಕ್ಕೆ ಬೇಕಾದದ್ದು ಇತಿಹಾಸ. ಕಾರ್ಸನ್ ಸಿಟಿಯಲ್ಲಿ ಮಾರ್ಗನ್ ಡಾಲರ್ ಅಚ್ಚಾದದ್ದು 1878ರಿಂದ 1885ರವರೆಗೆ, ಆಮೇಲೆ 1889ರಿಂದ 1893ರವರೆಗೆ. ನಡುವಿನ ಮೂರು ವರ್ಷ ಇಲ್ಲವೇ ಇಲ್ಲ. ‘1887 ಸಿಸಿ’ ಎಂದು ಯಾರಾದರೂ ಮಾರುತ್ತಿದ್ದರೆ ಫೋಟೊ ದೊಡ್ಡದು ಮಾಡುವ ಶ್ರಮವೂ ಬೇಡ. ಡೆನ್ವರ್ ಟಂಕಸಾಲೆಯ ‘ಡಿ’ ಗುರುತು ಹಳೆಯ ಮಾರ್ಗನ್ನಿನ ಮೇಲೆ 1921ರಲ್ಲಿ ಮಾತ್ರ ಬಂದದ್ದು. ಕೈಯಲ್ಲೊಂದು ಬೆಲೆಪುಸ್ತಕ ಇದ್ದರೆ ಇಷ್ಟು ತಿಳಿಯುತ್ತದೆ. 1946ರಿಂದ ಬರುತ್ತಿರುವ, ಇಲ್ಲಿನವರು ‘ರೆಡ್ ಬುಕ್’ ಎಂದು ಕರೆಯುವ ಕೆಂಪು ರಟ್ಟಿನ ಪುಸ್ತಕವನ್ನು ನಾನು ಮೊದಲ ನಾಣ್ಯಕ್ಕಿಂತ ಮೊದಲು ಕೊಳ್ಳಬೇಕಿತ್ತು.

ಅಸಲಿ ಬೆಳ್ಳಿ, ಖೋಟಾ ಗುರುತು

ತೂಕ ಸರಿ, ಸದ್ದು ಸರಿ, ನೀರಿನ ಲೆಕ್ಕವೂ ಸರಿ, ಆದರೂ ಮೋಸ. ಈ ಬಗೆಯದು ನನಗೆ ಹೆಚ್ಚು ಭಯ. ಸ್ಯಾನ್ ಫ್ರಾನ್ಸಿಸ್ಕೊ 1893ರಲ್ಲಿ ಒಂದೇ ಒಂದು ಲಕ್ಷ ಡಾಲರ್ ಒತ್ತಿತು. ಇಡೀ ಸರಣಿಯಲ್ಲಿ ಬಳಕೆಗೆ ಬಂದ ನಾಣ್ಯಗಳ ಪೈಕಿ ಅದಕ್ಕಿಂತ ಕಡಿಮೆ ಅಚ್ಚಾದದ್ದಿಲ್ಲ. ಬೆಲೆ ಸಾವಿರಾರು ಡಾಲರ್. ಅದೇ ವರ್ಷದ ಫಿಲಡೆಲ್ಫಿಯಾದ ನಾಣ್ಯಕ್ಕೆ ಟಂಕಸಾಲೆಯ ಗುರುತು ಇರುವುದಿಲ್ಲ, ಬೆಲೆ ಅದರ ಮುಂದೆ ಏನೂ ಅಲ್ಲ. ಹಾಗಾಗಿ ಅದನ್ನು ತಂದು, ಹಿಂಬದಿಯಲ್ಲಿ ಹಾರದ ಗಂಟಿನ ಕೆಳಗೆ ಸಣ್ಣದೊಂದು ‘ಎಸ್’ ಅಂಟಿಸಿಬಿಡುತ್ತಾರೆ. ನಾಣ್ಯ ಅಸಲಿ, ಬೆಳ್ಳಿ ಅಸಲಿ, ಒಂದು ಅಕ್ಷರ ಮಾತ್ರ ಖೋಟಾ.

ಇದಕ್ಕೆ ಮದ್ದು ಅಚ್ಚಿನಲ್ಲೇ ಇದೆ. 1893ರ ಸ್ಯಾನ್ ಫ್ರಾನ್ಸಿಸ್ಕೊ ಡಾಲರುಗಳೆಲ್ಲ ಮುಂಬದಿಗೆ ಒಂದೇ ಅಚ್ಚಿನಿಂದ ಬಂದವು. ಆ ಅಚ್ಚಿನಲ್ಲಿ, ದೇವಿಯ ತಲೆಪಟ್ಟಿಯ ಮೇಲಿನ ‘ಲಿಬರ್ಟಿ’ ಪದದ ‘ಟಿ’ ಅಕ್ಷರದ ನೆತ್ತಿಯಲ್ಲಿ ಒಂದು ಓರೆ ಗೆರೆ ಇತ್ತು. ಕೂದಲೆಳೆಯಷ್ಟು. ಅಸಲಿ ನಾಣ್ಯದಲ್ಲಿ ಅದು ಇದ್ದೇ ಇರುತ್ತದೆ. ಅಚ್ಚಿನ ಆ ಸಣ್ಣ ದೋಷ ಇವತ್ತು ಎಷ್ಟೋ ಜನರನ್ನು ಕಾಯುತ್ತಿದೆ. 1895ರ ಕಥೆ ಇದರ ತಿರುಗುಮುರುಗು. ಆ ವರ್ಷ ಫಿಲಡೆಲ್ಫಿಯಾದಿಂದ ಇವತ್ತು ಸಿಗುವುದು ಸಂಗ್ರಾಹಕರಿಗೆಂದು ವಿಶೇಷವಾಗಿ ಒತ್ತಿದ 880 ನಾಣ್ಯಗಳ ಪೈಕಿಯವು ಮಾತ್ರ. ಹಾಗಾಗಿ ನ್ಯೂ ಆರ್ಲಿಯನ್ಸಿನ ‘ಓ’ ಗುರುತನ್ನು ಕೆರೆದು ಅಳಿಸಿ ಫಿಲಡೆಲ್ಫಿಯಾದ್ದೆಂದು ಮಾರುತ್ತಾರೆ. ಆ ಜಾಗವನ್ನು ಓರೆ ಬೆಳಕಿನಲ್ಲಿ ನೋಡಬೇಕು. ಉಜ್ಜಿದ ಜಾಗ ಸುತ್ತಲಿನ ಬಯಲಿನಂತೆ ಹೊಳೆಯುವುದಿಲ್ಲ.

ಪಂಡಿತರೇ ಮೋಸ ಹೋದ ಪ್ರಸಂಗವೂ ಇದೆ. 1896, 1900 ಮತ್ತು 1902ರ ನ್ಯೂ ಆರ್ಲಿಯನ್ಸ್ ಡಾಲರುಗಳಲ್ಲಿ ಕೆಲವಕ್ಕೆ ‘ಓ’ ಗುರುತು ತೀರ ಸಣ್ಣದಿತ್ತು. ಟಂಕಸಾಲೆಯವರು ಬೇರೆ ನಾಣ್ಯದ ಗುರುತು ಬಳಸಿರಬೇಕು ಎಂದು ನಂಬಿ ಸಂಗ್ರಾಹಕರು ದಶಕಗಟ್ಟಲೆ ಅವನ್ನು ಅಪರೂಪದ ಬಗೆಯೆಂದು ಹೆಚ್ಚು ಬೆಲೆಗೆ ಕೊಂಡರು. 2005ರಲ್ಲಿ ಪಿಸಿಜಿಎಸ್ ಎಂಬ ಪರೀಕ್ಷಾ ಸಂಸ್ಥೆ ಇವನ್ನು ಒಟ್ಟಿಗೆ ಇಟ್ಟು ನೋಡಿ, ಮೂರೂ ಇಸವಿಯವು ಹಳೆ ಕಾಲದ ಖೋಟಾ ಎಂದು ಹೇಳಿತು. ಬೇರೆ ಬೇರೆ ಇಸವಿಯ ನಾಣ್ಯಗಳ ಹಿಂಬದಿಯಲ್ಲಿ ಅದೇ ಗಾಯಗಳು ಮತ್ತೆ ಮತ್ತೆ ಬಂದಿದ್ದವು. ಅಡುಗೆಮನೆಯಲ್ಲಿ ನಾನು ಕಂಡ ಎಳ್ಳಿನ ಕುಳಿಯ ಹಾಗೆ. ಆದರೆ ಆ ಖೋಟಾ ನಾಣ್ಯಗಳಲ್ಲಿ ಇದ್ದದ್ದು ಬೆಳ್ಳಿಯೇ. 1890ರ ದಶಕದಲ್ಲಿ ಬೆಳ್ಳಿ ಎಷ್ಟು ಅಗ್ಗವಾಗಿತ್ತೆಂದರೆ ಒಂದು ಡಾಲರಿನಲ್ಲಿರುವ ಬೆಳ್ಳಿ ಅರ್ಧ ಡಾಲರಿಗೆ ಸಿಗುತ್ತಿತ್ತು. ಒಳ್ಳೆ ಬೆಳ್ಳಿಯಲ್ಲೇ ಕಳ್ಳ ನಾಣ್ಯ ಮಾಡಿದರೂ ಲಾಭಕ್ಕೆ ಮೋಸವಿರಲಿಲ್ಲ.

ಈ ಸಾಲಿನಲ್ಲಿ ನನಗೆ ಹೆಚ್ಚು ಪ್ರೀತಿಯದು ಟ್ರೇಡ್ ಡಾಲರ್. ಚೀನಾದ ವ್ಯಾಪಾರಕ್ಕೆಂದೇ ಅಮೆರಿಕ 1873ರಲ್ಲಿ ಹೊರಡಿಸಿದ್ದು. ತೂಕ 27.22 ಗ್ರಾಂ, ಮಾರ್ಗನ್ನಿಗಿಂತ ಚೂರು ಹೆಚ್ಚು. ಚೀನಾದ ಬಂದರುಗಳಲ್ಲಿ ವಿದೇಶಿ ಬೆಳ್ಳಿ ಬಂದರೆ ಅದನ್ನು ಪರೀಕ್ಷಿಸಿ, ಸಾಚಾ ಎಂದಾದರೆ ವರ್ತಕ ತನ್ನ ಮುದ್ರೆಯನ್ನು ನಾಣ್ಯದ ಮೇಲೆ ಒತ್ತುತ್ತಿದ್ದ. ಆ ಮುದ್ರೆಗೆ ಇಂಗ್ಲಿಷಿನಲ್ಲಿ ‘ಚಾಪ್’ ಎನ್ನುತ್ತಾರೆ. ನಮ್ಮ ‘ಛಾಪು’ ಅದು, ಹಿಂದಿಯಿಂದ ಅಲ್ಲಿಗೆ ಹೋದದ್ದು. ಪರೀಕ್ಷಿಸುವವನಿಗೆ ‘ಷ್ರಾಫ್’. ನಮ್ಮ ‘ಸರಾಫ’! ಅರಬ್ಬಿಯಿಂದ ಭಾರತಕ್ಕೆ, ಭಾರತದಿಂದ ಚೀನಾದ ಬಂದರಿಗೆ ಹೋದ ಪದ. ಹಾಂಗ್‌ಕಾಂಗಿನಲ್ಲಿ ಇವತ್ತಿಗೂ ವಾಹನ ನಿಲುಗಡೆಯ ಹಣ ಕಟ್ಟುವ ಕಿಂಡಿಯ ಮೇಲೆ ‘ಷ್ರಾಫ್’ ಎಂದು ಬರೆದಿರುತ್ತದೆ. ನಮ್ಮ ತಾತ ಚಿಕ್ಕಪೇಟೆಯಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಎಷ್ಟು ದೂರದವರೆಗೆ ಹೆಸರು ಹರಡಿತ್ತು!

ಅತಿ ಹೆಚ್ಚು ನಕಲಾಗುವ ಬೆಳ್ಳಿ ಡಾಲರುಗಳಲ್ಲಿ ಟ್ರೇಡ್ ಡಾಲರ್ ಒಂದು. ನಕಲಿ ಮಾಡುವವರು ಛಾಪನ್ನೂ ಒತ್ತಿ ಕಳಿಸುತ್ತಾರೆ. 1799 ಎಂದು ಇಸವಿ ಹೊತ್ತ ಟ್ರೇಡ್ ಡಾಲರ್ ಕೂಡ ಮಾರಾಟಕ್ಕಿದೆ. ಆ ನಾಣ್ಯ ಹುಟ್ಟುವುದಕ್ಕೆ 74 ವರ್ಷ ಮೊದಲಿನದು! ನಮ್ಮಲ್ಲಿ ರಾಮ, ಸೀತೆ, ಲಕ್ಷ್ಮಣರ ಚಿತ್ರದ ಜೊತೆಗೆ ಈಸ್ಟ್ ಇಂಡಿಯಾ ಕಂಪನಿಯ ಹೆಸರೂ 1818 ಎಂಬ ಇಸವಿಯೂ ಇರುವ ತಾಮ್ರದ ಬಿಲ್ಲೆಗಳನ್ನು ಲಕ್ಷಗಟ್ಟಲೆಗೆ ಹೇಳುತ್ತಾರಲ್ಲ, ಆ ಜಾತಿಯೇ ಇದು. ಕಂಪನಿ ಎಂದೂ ಅಂಥ ನಾಣ್ಯ ಹೊರಡಿಸಿದ್ದಿಲ್ಲ.

ಹೀಗೆಲ್ಲ ಇರುವುದರಿಂದಲೇ ಪರೀಕ್ಷಾ ಸಂಸ್ಥೆಗಳು ಬಂದವು. ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ. ನಾಣ್ಯವನ್ನು ನೋಡಿ, ದರ್ಜೆ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಹರು ಮಾಡಿ, ಸಂಖ್ಯೆ ಹಾಕಿ ಕೊಡುತ್ತಾರೆ. ಹೊಸಬರಿಗೆ ನಾನು ಕೊಡುವ ಮೊದಲ ಸಲಹೆ, ದುಬಾರಿ ನಾಣ್ಯವನ್ನು ಈ ಡಬ್ಬಿಯಲ್ಲಿರುವುದನ್ನೇ ಕೊಳ್ಳಿ ಎಂಬುದು. ಆದರೆ ಅಷ್ಟಕ್ಕೇ ಕಣ್ಣು ಮುಚ್ಚಬೇಡಿ. ಡಬ್ಬಿಯನ್ನೇ ನಕಲು ಮಾಡುವವರಿದ್ದಾರೆ. ಅಸಲಿ ನಾಣ್ಯದ ಸಂಖ್ಯೆಯನ್ನೇ ಖೋಟಾ ಡಬ್ಬಿಯ ಮೇಲೆ ಮುದ್ರಿಸುತ್ತಾರೆ, ಸಂಸ್ಥೆಯ ತಾಣದಲ್ಲಿ ಹಾಕಿ ನೋಡಿದರೆ ‘ಸರಿ’ ಎಂದೇ ಬರುತ್ತದೆ. ಅದಕ್ಕೆ ಸಂಖ್ಯೆ ಹೊಂದಿದರೆ ಸಾಲದು. ಅನೇಕ ನಾಣ್ಯಗಳಿಗೆ ಸಂಸ್ಥೆಯವರೇ ತೆಗೆದ ಫೋಟೊ ಅಲ್ಲಿರುತ್ತದೆ, ಆ ಫೋಟೊದ ಗಾಯ ಮತ್ತು ಮಾರುವವನ ಫೋಟೊದ ಗಾಯ ಹೊಂದಬೇಕು. ಡಬ್ಬಿಯ ಮೇಲಿನ ಬರಹವನ್ನು ಎಲ್ಲರೂ ಓದುತ್ತಾರೆ, ಒಳಗಿನ ನಾಣ್ಯವನ್ನು ಓದುವವರು ಕಡಿಮೆ.

ದುಡ್ಡು ಕೊಡುವ ಮುನ್ನ

ನಕಲು ನಾಣ್ಯ ಮಾಡಿದರೆ ಅದರ ಮೇಲೆ ‘ಕಾಪಿ’ ಎಂದು ಕಾಣುವಂತೆ ಒತ್ತಿರಬೇಕೆಂದು ಅಮೆರಿಕದಲ್ಲಿ 1973ರಿಂದ ಕಾಯ್ದೆಯಿದೆ, ಆಮದಾದದ್ದಕ್ಕೂ ಅದು ಅನ್ವಯ. 2014ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಈಗಿನ ನಕಲುಗಳಲ್ಲಿ ಬಹುಪಾಲು ಚೀನಾದಲ್ಲಿ ತಯಾರಾಗಿ, ಒಂದೊಂದು ಸಣ್ಣ ಲಕೋಟೆಯಲ್ಲಿ ಮನೆ ಬಾಗಿಲಿಗೆ ಬರುತ್ತವೆ. ಕಾಯ್ದೆ ಅಷ್ಟು ಲಕೋಟೆ ಬಿಚ್ಚಿ ನೋಡಲಾರದು. ನೋಡಬೇಕಾದವರು ನಾವೇ.

ಬೆಲೆಯನ್ನು ಮೊದಲು ನೋಡಿ. ಮಾರ್ಗನ್ ಡಾಲರಿನಲ್ಲಿ 24 ಗ್ರಾಮಿಗಿಂತ ಸ್ವಲ್ಪ ಹೆಚ್ಚು ಅಪ್ಪಟ ಬೆಳ್ಳಿ ಇದೆ. ಅವತ್ತಿನ ಬೆಳ್ಳಿ ದರದಿಂದ ಗುಣಿಸಿ. ಕೇಳುವ ಬೆಲೆ ಅದಕ್ಕಿಂತ ಕೆಳಗಿದ್ದರೆ ಅಲ್ಲಿಗೇ ಬಿಡಿ. ಕರಗಿಸಿದರೂ ಹೆಚ್ಚು ಸಿಗುವ ವಸ್ತುವನ್ನು ಯಾರೂ ಕಡಿಮೆಗೆ ಮಾರುವುದಿಲ್ಲ. ‘ಗೋದಾಮು ಖಾಲಿ ಮಾಡುತ್ತಿದ್ದೇವೆ’ ಎಂಬ ಜಾಹೀರಾತು ಸಾಮಾಜಿಕ ಜಾಲತಾಣದಲ್ಲಿ ಕಂಡರೆ ಒತ್ತಲೂಬೇಡಿ.

ಮಾರುವವನಿಗೆ ಸಿಕ್ಕ ನಕ್ಷತ್ರಗಳನ್ನು ಎಣಿಸುವುದಕ್ಕಿಂತ ಅವನು ಹಿಂದೆ ಏನು ಮಾರಿದ್ದ ಎಂದು ನೋಡುವುದು ಮುಖ್ಯ. ನನಗೆ ಮೋಸ ಮಾಡಿದವನಿಗೆ ನೂರಾರು ಮೆಚ್ಚುಗೆ ಇದ್ದವು, ಎಲ್ಲವೂ ಮೊಬೈಲ್ ಫೋನಿನ ಕವಚ ಮಾರಿ ಗಳಿಸಿದ್ದು. ನಾನು ಓದಿರಲಿಲ್ಲ. ನಾಣ್ಯ ಖೋಟಾ ಎಂದು ಬರೆದಾಗ ಅರ್ಧ ದುಡ್ಡು ವಾಪಸ್ ಕೊಡುತ್ತೇನೆ, ನಾಣ್ಯ ನೀವೇ ಇಟ್ಟುಕೊಳ್ಳಿ ಎಂದ. ಎಷ್ಟೋ ಜನ ಇದಕ್ಕೆ ಒಪ್ಪಿ ಸುಮ್ಮನಾಗುತ್ತಾರೆ. ಅವನ ವ್ಯಾಪಾರ ನಡೆಯುವುದೇ ಆ ಅರ್ಧದ ಮೇಲೆ. ನಾನು ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರಿಂದ, ತಕ್ಕಡಿಯ ಮೇಲಿಟ್ಟ ಫೋಟೊ ಕಳಿಸಿ ದೂರು ಕೊಟ್ಟ ಮೇಲೆ ಪೂರ್ತಿ ವಾಪಸ್ ಬಂತು. ಫೋನಿನಿಂದ ನೇರ ಹಣ ಕಳಿಸಿದ್ದರೆ ಬರುತ್ತಿರಲಿಲ್ಲ.

ಈಗ ನಾನು ಮಾರುವವರನ್ನು ಕೇಳುವುದು ಒಂದೇ: ನಾಣ್ಯವನ್ನು ತಕ್ಕಡಿಯ ಮೇಲಿಟ್ಟು, ಅಂಕಿ ಕಾಣುವಂತೆ ಒಂದು ಫೋಟೊ, ಅಂಚಿನ ಗೀರುಗಳ ಒಂದು ಫೋಟೊ. ಸಾಚಾ ಮನುಷ್ಯ ಹತ್ತು ನಿಮಿಷದಲ್ಲಿ ಕಳಿಸುತ್ತಾನೆ. ಕಳಿಸದವನ ಬಳಿ ಮಾತು ಬೆಳೆಸುವುದಿಲ್ಲ.

ಆ ಚಳಿಗಾಲದಲ್ಲಿ ಅಮ್ಮ ಊರಿಗೆ ಮರಳಿದ ಮೇಲೆ, ಇಲ್ಲಿನ ನಾಣ್ಯದಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ ಒಂದು 1921ರ ಮಾರ್ಗನ್ ಕೊಂಡೆ. ಸವೆದದ್ದು, ಸಾಮಾನ್ಯದ್ದು, ಅಪರೂಪವೇನಲ್ಲ. 1918ರಲ್ಲಿ ಕರಗಿಸಿದ್ದರ ಬದಲಿಗೆ ಅದೇ ಕಾಯ್ದೆಯ ಪ್ರಕಾರ ಮತ್ತೆ ಒತ್ತಿದ ನಾಣ್ಯಗಳಲ್ಲಿ ಅದೂ ಒಂದು. ಖೋಟಾವನ್ನು ಬಿಸಾಡಿರಲಿಲ್ಲ. ಒಂದು ಕವರಿನಲ್ಲಿ ಹಾಕಿ, ಮೇಲೆ ‘ಖೋಟಾ, 22.3 ಗ್ರಾಂ’ ಎಂದು ಬರೆದಿಟ್ಟಿದ್ದೆ. ಭಾನುವಾರದ ವಿಡಿಯೊ ಕರೆಯಲ್ಲಿ ಅಮ್ಮನಿಗೆ ಹೇಳಿದೆ.

‘ಮುಖ ತೋರಿಸಬೇಡ,’ ಎಂದಳು. ‘ಎರಡನ್ನೂ ಫೋನಿನ ಹತ್ತಿರ ಹಿಡಿದು ಬಾರಿಸು.’

ಬೆರಳ ತುದಿಯಲ್ಲಿಟ್ಟು ಪೆನ್ಸಿಲಿನಿಂದ ಒಂದನ್ನು ತಟ್ಟಿದೆ. ಆಮೇಲೆ ಇನ್ನೊಂದನ್ನು. ತುಮಕೂರಿನ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತಿತ್ತು.

‘ಇನ್ನೊಂದ್ಸಲ.’

ಮತ್ತೆ ತಟ್ಟಿದೆ.

‘ಎರಡನೇದು,’ ಎಂದಳು. ‘ಅದನ್ನ ಇಟ್ಕೋ.’